68 × 75: ದಾಂತೆ ಜಾಕೋಸಾ ಮತ್ತು ನಮ್ಮ ಕಡೆಯ ಫಿಯಟ್ಟು

ಬೋರ್ 68 ಮಿಲಿಮೀಟರ್, ಸ್ಟ್ರೋಕ್ 75, ಸಿಲಿಂಡರು ನಾಲ್ಕು. ಕ್ಯಾಲ್ಕ್ಯುಲೇಟರ್ ತೆಗೆದು ಲೆಕ್ಕ ಹಾಕಿದರೆ 1089 ಸಿಸಿ ಬರತ್ತೆ. ಈ ಅಳತೆಯ ಎಂಜಿನ್ನು ಮೊದಲು ಕಾರಿನೊಳಗೆ ಕೂತದ್ದು 1937ರಲ್ಲಿ, ಇಟಲಿಯ ಟ್ಯೂರಿನ್ ಊರಲ್ಲಿ. ಅದೇ 68, ಅದೇ 75 ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿಯಲ್ಲಿ 1990ರ ದಶಕದ ಕೊನೆವರೆಗೂ ಇತ್ತು. ಅಂದರೆ ಸುಮಾರು 60 ವರ್ಷ. ನಮ್ಮ ಬಳಗದಲ್ಲಿ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಕಡೆಯವರು ಕೆಲವರಿದ್ದೇವೆ. ತಾತಂದಿರ ಕಾಲದ ಫಿಯಟ್ಟನ್ನು ಮಾರಬೇಕೋ ಇಟ್ಟುಕೊಳ್ಳಬೇಕೋ ಅನ್ನೋ ಜಗಳ ಇವತ್ತಿಗೂ ನಡೆಯೋ ಮನೆಗಳು ನಮ್ಮವು. ಆ ಕಾರನ್ನು ಯೋಚಿಸಿದ ಮನುಷ್ಯ ಯಾರು ಅಂತ ಹುಡುಕುತ್ತಾ ಹೋದಾಗ ಸಿಕ್ಕ ಹೆಸರು ದಾಂತೆ ಜಾಕೋಸಾ. ಆಟೋಮೊಬೈಲ್ ಓದುವವರಿಗೆ ಈ ಹೆಸರು ಹೊಸದಲ್ಲ. ಆದರೆ ಇಷ್ಟು ವರ್ಷ ಆ ಕಾರಿನ ಬಾನೆಟ್ ಎತ್ತಿದ ನಮಗೆ ಯಾರೂ ಅದನ್ನು ಹೇಳಿರಲಿಲ್ಲ.

ಜಾಕೋಸಾ ಹುಟ್ಟಿದ್ದು 1905ರ ಜನವರಿ 3ರಂದು, ರೋಮ್‌ನಲ್ಲಿ. ಮನೆತನದ ಬೇರು ಮಾತ್ರ ಉತ್ತರ ಇಟಲಿಯ ಪೀಡ್‌ಮಾಂಟ್ ಸೀಮೆಯದು. ಓದಿದ್ದು ಟ್ಯೂರಿನ್ ಪಾಲಿಟೆಕ್ನಿಕ್‌ನಲ್ಲಿ, ಮೆಕ್ಯಾನಿಕಲ್. 1927ರಲ್ಲಿ ಪದವಿ, ಆಮೇಲೆ ಸೈನ್ಯದ ಕಡ್ಡಾಯ ಸೇವೆ, ಅದಾದ ಮೇಲೆ ಎಸ್‌ಪಿಎ ಅನ್ನೋ ಕಂಪನಿಯಲ್ಲಿ ಡ್ರಾಯಿಂಗ್ ಬೋರ್ಡಿನ ಮುಂದೆ ಕೂರುವ ಕೆಲಸ. ಆ ಕಂಪನಿ ಆಗಲೇ ಫಿಯಟ್ಟಿನ ಕೈಗೆ ಬಂದಿತ್ತು. ಅಲ್ಲಿಂದ ಫಿಯಟ್ಟಿನ ವಿಮಾನ ಎಂಜಿನ್ ವಿಭಾಗಕ್ಕೆ ಹೋದರು. ಗಮನಿಸಿ: ಕಾರಿನ ವಿಭಾಗಕ್ಕಲ್ಲ. ಹೀಗೆ ವಿಮಾನದ ಎಂಜಿನ್ನುಗಳ ನಡುವೆ ಕೂತಿದ್ದ, ಒಂದು ಪೂರ್ತಿ ಕಾರನ್ನು ಎಂದೂ ವಿನ್ಯಾಸ ಮಾಡದ, ಮೂವತ್ತೂ ತುಂಬದ ಹುಡುಗನ ಕೈಗೆ ದೇಶದ ಅತಿ ಚಿಕ್ಕ ಕಾರಿನ ಕೆಲಸ ಬಂತು. ಯಾಕೆ ಅನ್ನೋದಕ್ಕೆ ಒಂದು ಬೆಂಕಿಯ ಕತೆ ಇದೆ.

ಫಿಯಟ್ಟಿನ ಯಜಮಾನ ಸೆನೆಟರ್ ಜೊವಾನ್ನಿ ಆನ್ಯೆಲ್ಲಿಗೆ ಬಡವರೂ ಕೊಳ್ಳಬಹುದಾದ ಕಾರು ಬೇಕಿತ್ತು, 5000 ಲೀರಾಗೆ. ಓರೆಸ್ತೆ ಲಾರ್ದೋನೆ ಅನ್ನೋ ಎಂಜಿನಿಯರ್ ಮುಂದಿನ ಚಕ್ರ ಎಳೆಯುವ ಒಂದು ಚಿಕ್ಕ ಕಾರನ್ನು ಮಾಡಿದ. ಪರೀಕ್ಷೆಗೆ ಅಂತ ಟ್ಯೂರಿನ್ ಪಕ್ಕದ ಗುಡ್ಡ ಹತ್ತುವಾಗ ಅದಕ್ಕೆ ಬೆಂಕಿ ಹತ್ತಿಕೊಂಡಿತು. ಒಳಗೆ ಸ್ವತಃ ಆನ್ಯೆಲ್ಲಿ ಕೂತಿದ್ದರು! ಹಾರಿಕೊಂಡು ಬಚಾವಾದರು. ಲಾರ್ದೋನೆಯ ಕೆಲಸ ಹೋಯಿತು. ಜೊತೆಗೆ, ಫಿಯಟ್ಟಿನಲ್ಲಿ ಇನ್ನು ಮುಂದೆ ಫ್ರಂಟ್ ವೀಲ್ ಡ್ರೈವ್ ಬೇಡವೇ ಬೇಡ ಅಂತ ತೀರ್ಮಾನವೂ ಆಯಿತು. ಬೆಂಕಿ ಹತ್ತಿದ್ದಕ್ಕೂ ಮುಂದಿನ ಚಕ್ರ ಎಳೆಯೋದಕ್ಕೂ ಏನು ಸಂಬಂಧ ಅಂತ ನಮಗೆ ಅನ್ನಿಸಬಹುದು. ಪ್ರಾಜೆಕ್ಟ್ ರಿವ್ಯೂನಲ್ಲಿ ಒಂದು ವೈರ್ ಸುಟ್ಟಿದ್ದಕ್ಕೆ ಇಡೀ ಐಡಿಯಾನೇ ಬಿಡಿಸಿದ್ದನ್ನು ನೋಡಿದವರಿಗೆ ಅಷ್ಟು ಆಶ್ಚರ್ಯ ಆಗಲಿಕ್ಕಿಲ್ಲ. ಈ ಬೇಡಿಕೆಯೂ ಈ ನಿಷೇಧವೂ ಒಟ್ಟಿಗೇ ಜಾಕೋಸಾ ಮೇಜಿಗೆ ಬಂದವು. ಮುಂದಿನ 30 ವರ್ಷ ಅವು ಅವರ ಬೆನ್ನು ಬಿಡಲಿಲ್ಲ.

ಹಿಂದಿನ ಚಕ್ರವೇ ತಿರುಗಬೇಕು, ಎಂಜಿನ್ನು ಮುಂದೆಯೇ ಇರಬೇಕು, ಕಾರು ಮಾತ್ರ ಚಿಕ್ಕದಾಗಿರಬೇಕು. ಜಾಕೋಸಾ ಎಂಜಿನ್ನನ್ನು ಮುಂದಿನ ಆಕ್ಸಲ್‌ಗಿಂತಲೂ ಮುಂದಕ್ಕೆ ತಳ್ಳಿದರು, ರೇಡಿಯೇಟರನ್ನು ಅದರ ಹಿಂದೆ, ಮೇಲಕ್ಕೆ ಕೂರಿಸಿದರು. ಹಾಗಾಗಿ ಮೂತಿ ಇಳಿಜಾರಾಯಿತು, ಕಾಲಿಡೋಕೆ ಜಾಗ ಉಳಿಯಿತು. 569 ಸಿಸಿ, 13 ಅಶ್ವಶಕ್ತಿ, ಎರಡು ಸೀಟು. 1936ರಲ್ಲಿ ಬಂದ ಈ ಫಿಯಟ್ 500ಕ್ಕೆ ಜನ ಟೊಪೊಲಿನೊ ಅಂತ ಹೆಸರಿಟ್ಟರು, ಅಂದರೆ ಪುಟ್ಟ ಇಲಿ. ಇಟಲಿಯಲ್ಲಿ ಮಿಕ್ಕಿ ಮೌಸ್‌ನ ಹೆಸರೂ ಅದೇ. ಬೆಲೆ 5000 ಲೀರಾಗೆ ನಿಲ್ಲಲಿಲ್ಲ, 8900 ಆಯಿತು. ಆದರೂ ಎಲ್ಲ ಮಾದರಿ ಸೇರಿ 5 ಲಕ್ಷಕ್ಕೂ ಹೆಚ್ಚು ಹೋದವು.

ಮರುವರ್ಷವೇ, 1937ರಲ್ಲಿ, ನಮ್ಮ ಕತೆಯ ಎಂಜಿನ್ನು. 508ಸಿ ಅನ್ನೋ ಕಾರಿಗೆ ಎರಕದ ಕಬ್ಬಿಣದ ಬ್ಲಾಕು, ಅಲ್ಯೂಮಿನಿಯಮ್ ಹೆಡ್ಡು, ಮೇಲಿನಿಂದ ತೆರೆಯುವ ವಾಲ್ವುಗಳು, ಅವನ್ನು ತಳ್ಳೋಕೆ ಪುಶ್‌ರಾಡುಗಳು. 32 ಅಶ್ವಶಕ್ತಿ. ಕ್ಯಾಮ್‌ಶಾಫ್ಟು ಬ್ಲಾಕಿನ ಪಕ್ಕದಲ್ಲೇ ಇದ್ದದ್ದರಿಂದ ಹೆಡ್ಡು ಬಿಚ್ಚಿದರೂ ಟೈಮಿಂಗ್ ಕದಲಲ್ಲ. ಟೈಮಿಂಗ್ ಬೆಲ್ಟ್ ತುಂಡಾಗಿ ವಾಲ್ವು ಬಾಗಿದ ಈಗಿನ ಕಾರುಗಳನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. ಒಂದು ಸ್ಪ್ಯಾನರ್ ಸೆಟ್ಟು, ಒಂದು ಫೀಲರ್ ಗೇಜು, ಮರದ ಕೆಳಗೆ ಸ್ವಲ್ಪ ನೆರಳು ಇದ್ದರೆ ಸಾಕು. ಇಂಥ ಸಾಧಾರಣ ಎಂಜಿನ್ನೇ ಹಗುರವಾದ ಬಾಡಿಗೆ ಹೊಕ್ಕು 1938ರ ಮಿಲ್ಲೆ ಮಿಲ್ಯಾ ರೇಸಿನಲ್ಲಿ ತನ್ನ ವರ್ಗದಲ್ಲಿ ಗೆದ್ದಿತು.

ಆಮೇಲೆ ಯುದ್ಧ. ಟ್ಯೂರಿನ್ ಮೇಲೆ ಬಾಂಬುಗಳು ಬಿದ್ದವು. ಯುದ್ಧ ಮುಗಿಯೋ ಹೊತ್ತಲ್ಲಿ ಪಿಯೆರೊ ದುಸಿಯೊ ಅನ್ನೋ ಶ್ರೀಮಂತ ಜಾಕೋಸಾ ಹತ್ತಿರ ಬಂದ. ಬಟ್ಟೆ ವ್ಯಾಪಾರದಲ್ಲಿ ದುಡ್ಡು ಮಾಡಿದವನು, ಯುವೆಂಟಸ್ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷ, ರೇಸಿನ ಹುಚ್ಚ. ಫಿಯಟ್ಟಿನ ಬಿಡಿಭಾಗಗಳಿಂದಲೇ ಒಂದು ಅಗ್ಗದ ರೇಸ್ ಕಾರು ಮಾಡಿಕೊಡಿ ಅನ್ನೋದು ಅವನ ಬೇಡಿಕೆ. ಜಾಕೋಸಾ ಹಗಲು ಫಿಯಟ್ಟಿನ ಕೆಲಸ ಮಾಡಿ, ಉಳಿದ ಹೊತ್ತಲ್ಲಿ ದುಸಿಯೊ ಮನೆಯಲ್ಲಿ ಕೂತು ನಕ್ಷೆ ಬರೆದರು. ದುಸಿಯೊಗೆ ಸೈಕಲ್ ಫ್ಯಾಕ್ಟರಿಯೂ ಇತ್ತು, ಅಲ್ಲಿ ಉಕ್ಕಿನ ಕೊಳವೆ ಬೇಕಾದಷ್ಟು. ಆ ಕೊಳವೆಗಳನ್ನೇ ಬೆಸೆದು ಜಾಲದಂಥ ಚಾಸಿ ಮಾಡಿ, ಒಳಗೆ 1089 ಸಿಸಿ ಎಂಜಿನ್ನನ್ನು ಸ್ವಲ್ಪ ಹುರಿದುಂಬಿಸಿ ಕೂರಿಸಿದರು. ಅದೇ ಚಿಸಿಟಾಲಿಯಾ ಡಿ46. 1946ರಲ್ಲಿ ಟ್ಯೂರಿನ್ನಿನ ವ್ಯಾಲೆಂಟಿನೊ ಪಾರ್ಕಿನ ರೇಸಲ್ಲಿ ದುಸಿಯೊ ತಾನೇ ಓಡಿಸಿ ಗೆದ್ದ. ಅದೇ ರೇಸಲ್ಲಿ ಮಹಾ ಚಾಲಕ ತಾಜಿಯೊ ನುವೊಲಾರಿಯ ಕಾರಿನ ಸ್ಟೀರಿಂಗ್ ಚಕ್ರ ಕಳಚಿ ಕೈಗೇ ಬಂತು!

ಆ ಕಂಪನಿಯ ಮುಂದಿನ ಕಾರು 202. ಅದರ ಕೆಲಸವನ್ನು ಜಾಕೋಸಾ ಶುರು ಮಾಡಿಕೊಟ್ಟು, ಫಿಯಟ್ಟಿನ ಒತ್ತಡ ಹೆಚ್ಚಿದ ಮೇಲೆ ಜೊವಾನ್ನಿ ಸವೊನುಜ್ಜಿಗೆ ಬಿಟ್ಟರು. ಪಿನಿನ್ ಫರೀನಾ ಬಾಡಿ ಹೊಲಿದ ಆ ಕಾರನ್ನು 1951ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನಕ್ಕಿಟ್ಟರು. ನಮಗೆ ಮ್ಯೂಸಿಯಮ್ಮಿಗಿಂತ 1947ರ ಮಿಲ್ಲೆ ಮಿಲ್ಯಾ ಇಷ್ಟ. 54ರ ಪ್ರಾಯದ, ಆರೋಗ್ಯ ಕೆಟ್ಟಿದ್ದ ನುವೊಲಾರಿ ತೆರೆದ 202 ಕಾರಿನಲ್ಲಿ ಬಹುದೂರ ಮುಂದಿದ್ದ. ಕೊನೆಯ ಹಂತದಲ್ಲಿ ಜಡಿಮಳೆ, ನೀರು ಇಗ್ನಿಷನ್‌ಗೆ ಹೊಕ್ಕಿತು. ಎರಡನೇ ಸ್ಥಾನಕ್ಕೆ ಇಳಿದ. ಗೆದ್ದ ಆಲ್ಫಾ ರೋಮಿಯೋ 2900ರ ಎಂಜಿನ್ನು ಇದರ ಎರಡೂವರೆ ಪಟ್ಟು ದೊಡ್ಡದು. ಮುಂಗಾರಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಪ್ ಒರೆಸುತ್ತಾ ರಸ್ತೆ ಬದಿ ನಿಂತ ಪದ್ಮಿನಿ ಮಾಲೀಕರಿಗೆ ನುವೊಲಾರಿ ದೂರದ ನೆಂಟ ಅಂತ ನಾವು ತಮಾಷೆ ಮಾಡೋದುಂಟು.

1953ರಲ್ಲಿ ಜಿನೀವಾ ಪ್ರದರ್ಶನದಲ್ಲಿ 1100/103 ಬಂತು. ನಮ್ಮ ಕಡೆಯ ಫಿಯಟ್ಟಿನ ನೇರ ಅಜ್ಜ ಇದು. ಎಂಜಿನ್ನು ಹಳೆಯದೇ, ಬಾಡಿ ಪೂರ್ತಿ ಹೊಸತು. ಕೆಳಗೆ ಬೇರೆ ಚಾಸಿ ಇಲ್ಲ; ನೆಲ, ಸಿಲ್ಲು, ಕಂಬ, ಚಾವಣಿ ಎಲ್ಲ ಸೇರಿ ಭಾರ ಹೊರುವ ಮಾನೊಕಾಕ್. ಮುಂದೆ ವಿಶ್‌ಬೋನ್ ಮತ್ತು ಕಾಯಿಲ್ ಸ್ಪ್ರಿಂಗು, ಹಿಂದೆ ಲೀಫ್ ಸ್ಪ್ರಿಂಗಿನ ಮೇಲೆ ಗಟ್ಟಿ ಆಕ್ಸಲ್. 36 ಅಶ್ವಶಕ್ತಿ. ಅದೇ ವರ್ಷದ ಕೊನೆಗೆ ಪ್ಯಾರಿಸ್ಸಿನಲ್ಲಿ ಇದರ ತುಂಟ ತಮ್ಮ ಬಂದ: 1100 ಟಿವಿ. ಟಿವಿ ಅಂದರೆ ಟುರಿಸ್ಮೊ ವೆಲೋಚೆ, ವೇಗದ ಪ್ರವಾಸಿ. ಕಂಪ್ರೆಷನ್ ಏರಿಸಿ, ಎರಡು ಗಂಟಲಿನ ವೆಬರ್ ಕಾರ್ಬ್ಯುರೇಟರ್ ಹಾಕಿ ಸುಮಾರು 50 ಅಶ್ವಶಕ್ತಿ ತೆಗೆದರು. ಗ್ರಿಲ್ ನಡುವೆ ಮೂರನೇ ಕಣ್ಣಿನ ಹಾಗೆ ಒಂದು ಫಾಗ್ ಲ್ಯಾಂಪು. ಇಂಥ ಕಾರಿಗೆ ಇಂಗ್ಲಿಷರು ಸ್ಪೋರ್ಟ್ಸ್ ಸಲೂನ್ ಅಂತಾರೆ. ಕಟಿಂಗ್ ಸಲೂನ್ ಅಲ್ಲ, ನಾಲ್ಕು ಬಾಗಿಲಿನ ಸಂಸಾರದ ಕಾರು. ಆದರೆ ಭಾನುವಾರ ರೇಸಿಗೂ ಹೋಗಬಲ್ಲದು. ಸೋಮವಾರ ಮಕ್ಕಳನ್ನು ಶಾಲೆಗೆ ಬಿಟ್ಟು ಬರಬೇಕು ಅನ್ನೋದೇ ಇದರ ಕಷ್ಟದ ಷರತ್ತು. ನಮ್ಮ ದೇಶಕ್ಕೆ ಟಿವಿ ತಯಾರಾಗಿ ಬರಲಿಲ್ಲ. ಆದರೆ ಮದ್ರಾಸಿನ ಹತ್ತಿರದ ಶೋಳಾವರಂ ಹಳೇ ವಿಮಾನ ಪಟ್ಟಿಯ ರೇಸುಗಳಲ್ಲಿ ನಮ್ಮವರು ಫಿಯಟ್ಟುಗಳ ಹೆಡ್ಡು ಉಜ್ಜಿ, ಜೋಡಿ ಕಾರ್ಬ್ಯುರೇಟರ್ ಏರಿಸಿ ಅದೇ ಕೆಲಸವನ್ನು ತಾವೇ ಮಾಡಿಕೊಂಡರು.

ಟ್ಯೂರಿನ್ನಿಂದ ಕುರ್ಲಾಕ್ಕೆ ಈ ಕಾರನ್ನು ತಂದದ್ದು ವಾಲ್‌ಚಂದ್ ಹೀರಾಚಂದ್ ಕಟ್ಟಿದ ಪ್ರೀಮಿಯರ್ ಆಟೋಮೊಬೈಲ್ಸ್. ಕನ್ನಡಿಗರಿಗೆ ಇಲ್ಲೊಂದು ಸಣ್ಣ ಹೊಟ್ಟೆಕಿಚ್ಚಿನ ವಿಷಯವಿದೆ. ಭಾರತದಲ್ಲಿ ಕಾರು ಕಾರ್ಖಾನೆ ಬೇಕು ಅಂತ 1930ರ ದಶಕದಲ್ಲಿ ಯೋಜನೆ ಬರೆದು ಓಡಾಡಿದವರು ನಮ್ಮ ವಿಶ್ವೇಶ್ವರಯ್ಯನವರು. ವಾಲ್‌ಚಂದ್ ಅವರ ಜೊತೆಗಿದ್ದರು. ಬ್ರಿಟಿಷ್ ಸರ್ಕಾರ ಒತ್ತಾಸೆ ಕೊಡಲಿಲ್ಲ. 1940ರಲ್ಲಿ ವಾಲ್‌ಚಂದ್ ಮೈಸೂರು ಸಂಸ್ಥಾನದ ಜೊತೆ ಸೇರಿ ಬೆಂಗಳೂರಲ್ಲಿ ವಿಮಾನ ಕಾರ್ಖಾನೆ ತೆಗೆದರು, ಅದೇ ಇವತ್ತಿನ ಎಚ್‌ಎಎಲ್. ಕಾರು ಮಾತ್ರ ಮುಂಬೈ ಪಾಲಾಯಿತು. 1950ರ ದಶಕದಲ್ಲಿ 1100, 1964ರಲ್ಲಿ 1100 ಡಿಲೈಟ್, ಫಿಯಟ್ ಒಪ್ಪಂದ ಮುಗಿದ ಮೇಲೆ 1972ರಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್, 1974ರಿಂದ ಚಿತ್ತೋರಿನ ರಾಣಿಯ ಹೆಸರಲ್ಲಿ ಪದ್ಮಿನಿ. ಇಟಲಿಯಲ್ಲಿ 1100ಡಿ ಬಂದಾಗ ಎಂಜಿನ್ನು 1221 ಸಿಸಿಗೆ ಹೋಗಿತ್ತು, ನಮ್ಮಲ್ಲಿ ಹಳೆಯ 1089ನ್ನೇ ಇಟ್ಟುಕೊಂಡರು. ಬುಕ್ ಮಾಡಿ ವರ್ಷಗಟ್ಟಲೆ ಕಾಯೋ ಕಾಲ ಅದು.

ಹಾಗೆ ಕಾದು ತಂದ ಕಾರುಗಳು ತುಮಕೂರಿಂದ ಕೊರಟಗೆರೆ, ಮಧುಗಿರಿ, ಮಿಡಿಗೇಶಿ ದಾಟಿ ಪಾವಗಡಕ್ಕೆ ಹೋಗೋ ರಸ್ತೆಗೂ ಬಂದವು. ಜಾಕೋಸಾ ಈ ಬಿಸಿಲನ್ನು ಊಹಿಸಿರಲಿಕ್ಕಿಲ್ಲ. ಇಲ್ಲಿ ಒಂದು ಪದ್ಮಿನಿ ಸಾಕೋದು ಅಂದರೆ ಮೊದಲು ಶಾಖವನ್ನು ಸಾಕೋದು. ಅಲ್ಯೂಮಿನಿಯಮ್ ಕಬ್ಬಿಣದ ಸುಮಾರು ಎರಡು ಪಟ್ಟು ಹಿಗ್ಗತ್ತೆ ಅಂತ ಮೊದಲ ವರ್ಷದ ಮೆಟೀರಿಯಲ್ಸ್ ಪಾಠದಲ್ಲಿ ಓದಿ ಮರೆತಿದ್ದೇವೆ. ಕಾರು ಮರೆಯಲ್ಲ. ಒಂದೇ ಒಂದು ಸಲ ನೀರು ಕುದಿಯೋಕೆ ಬಿಟ್ಟರೆ ಹೆಡ್ಡು ಸೊಟ್ಟಗಾಗತ್ತೆ, ಗ್ಯಾಸ್ಕೆಟ್ ಸೀಳತ್ತೆ, ಎಣ್ಣೆ ಹಾಲು ಕಾಫಿ ಬಣ್ಣಕ್ಕೆ ತಿರುಗತ್ತೆ. ಈ ಕಡೆಯ ಬೋರ್‌ವೆಲ್ ನೀರು ಗಡುಸು. ಅದನ್ನೇ ರೇಡಿಯೇಟರಿಗೆ ಸುರಿದು ಸುರಿದು ಒಳಗಿನ ಕೊಳವೆಗಳು ಸ್ಟೀಲ್ ಬಿಂದಿಗೆಯ ತಳದಂತೆ ಬಿಳಿ ಕಟ್ಟಿಕೊಂಡಿರುತ್ತವೆ. ಹಿಡಿದ ಮಳೆ ನೀರು ಅಥವಾ ಡಿಸ್ಟಿಲ್ಡ್ ನೀರಿಗೆ ಕೂಲೆಂಟ್ ಬೆರೆಸಿ ಹಾಕಿ, ಥರ್ಮೋಸ್ಟಾಟ್ ಕಿತ್ತುಬಿಡಿ ಅನ್ನೋ ಸಲಹೆಗೆ ಕಿವಿಗೊಡಬೇಡಿ. ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಶುರು ಮಾಡಿ ಹೊರಕ್ಕೆ, ಟಾರ್ಕ್ ರೆಂಚಿನಲ್ಲಿ, ಹಂತ ಹಂತವಾಗಿ ಬಿಗಿಯಬೇಕು. ಕೈ ಅಂದಾಜಿನ ಮೇಸ್ತ್ರಿಗಳು ಈ ಕಡೆ ಬಹಳ ನಿಪುಣರು, ಆದರೂ ಈ ಒಂದು ಕೆಲಸಕ್ಕೆ ಕೈ ಅಂದಾಜು ಸಾಲದು ಅಂತಲೇ ನಮ್ಮ ಅಭಿಪ್ರಾಯ.

ಎರಡನೆಯದು ಪೆಟ್ರೋಲು. ಎಂಜಿನ್ನಿಗೆ ಅಂಟಿಕೊಂಡ ಡಯಾಫ್ರಾಮ್ ಪಂಪು ಬಿಸಿಯಾದರೆ ಪೆಟ್ರೋಲು ಪೈಪಿನಲ್ಲೇ ಆವಿಯಾಗತ್ತೆ, ಪಂಪು ಬರೀ ಆವಿ ಎಳೆಯುತ್ತಾ ಕೂರತ್ತೆ. ಏಪ್ರಿಲ್ ಮಧ್ಯಾಹ್ನ ಪಾವಗಡದ ಬಯಲಲ್ಲಿ ಬಾನೆಟ್ ಎತ್ತಿ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತೋದು ಮೂಢನಂಬಿಕೆ ಅಲ್ಲ, ಲೇಟೆಂಟ್ ಹೀಟ್. ಈಗ ಬಂಕಿನಲ್ಲಿ ಸಿಗೋದು ಶೇಕಡ 20 ಎಥನಾಲ್ ಬೆರೆತ ಪೆಟ್ರೋಲು. ಹಳೇ ರಬ್ಬರು ಅದರಲ್ಲಿ ಊದಿಕೊಂಡು ಬಿರಿಯತ್ತೆ. ಡಯಾಫ್ರಾಮ್, ಹೋಸು, ಕಾರ್ಬ್ಯುರೇಟರಿನ ಸೀಲು ಇವನ್ನು ಎಥನಾಲ್ ತಡೆಯುವ ಜಾತಿಯದಕ್ಕೆ ಬದಲಿಸದೆ ತಿಂಗಳುಗಟ್ಟಲೆ ನಿಲ್ಲಿಸಿದ ಕಾರನ್ನು ಸ್ಟಾರ್ಟ್ ಮಾಡಬೇಡಿ. ಸೋರಿದ ಪೆಟ್ರೋಲು ಬಿಸಿ ಮ್ಯಾನಿಫೋಲ್ಡ್ ಮೇಲೆ ಬಿದ್ದರೆ ಏನಾಗತ್ತೆ ಅಂತ ಸೆನೆಟರ್ ಆನ್ಯೆಲ್ಲಿಗೆ ಗೊತ್ತಿತ್ತು.

ಉಳಿದದ್ದು ನಿತ್ಯಪೂಜೆಯ ತರಹ. ಕಿಂಗ್‌ಪಿನ್ನುಗಳಿಗೆ ಗ್ರೀಸು, ಕಾಂಟ್ಯಾಕ್ಟ್ ಪಾಯಿಂಟುಗಳ ಗ್ಯಾಪು, ಟ್ಯಾಪೆಟ್ಟು, 1-3-4-2 ಕ್ರಮದಲ್ಲಿ ಪ್ಲಗ್ಗಿನ ವೈರು. ಸ್ಟೀರಿಂಗ್ ಕಂಬದ ಮೇಲಿನ ಗೇರಿನ ಕೊಂಡಿಗಳ ಬುಶ್ಶು ಸವೆದರೆ ಗೇರು ಸಿಕ್ಕಿಕೊಂಡು ನಡುರಸ್ತೆಯಲ್ಲಿ ಮಾನ ಹೋಗತ್ತೆ. ಆ ಬುಶ್ಶಿನ ಬೆಲೆ ಒಂದು ಊಟದಷ್ಟು. ಒಂದು ವಿಷಯದಲ್ಲಿ ಮಾತ್ರ ಈ ಒಣ ಸೀಮೆ ಕಾರಿಗೆ ಉಪಕಾರ ಮಾಡಿದೆ: ಮುಂಬೈಯ ಉಪ್ಪು ಗಾಳಿ ತಿಂದ ಪದ್ಮಿನಿಗಳಿಗಿಂತ ಸಿರಾ, ಪಾವಗಡದ ಶೆಡ್ಡಲ್ಲಿ ನಿಂತವುಗಳ ತಗಡು ಗಟ್ಟಿ. ಆದರೂ ಬಾಗಿಲಿನ ಕೆಳಗಿನ ಸಿಲ್ಲನ್ನು ಬೆರಳಲ್ಲಿ ಒತ್ತಿ ನೋಡಿ. ಅದು ಅಲಂಕಾರದ ತಗಡಲ್ಲ, ಮಾನೊಕಾಕಿನ ಬೆನ್ನೆಲುಬು. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಪೇಂಟ್ ಹೊಡೆದರೆ ಕಾರು ಚೆಂದ ಕಾಣತ್ತೆ, ಅಪಘಾತದಲ್ಲಿ ಮಡಚಿಕೊಳ್ಳತ್ತೆ.

ಪದ್ಮಿನಿಯನ್ನು ಟಿವಿ ಮಾಡ್ತೀವಿ ಅಂತ ಹೊರಡೋ ಗೆಳೆಯರು ನಮ್ಮಲ್ಲೂ ಇದ್ದಾರೆ. ಜೋಡಿ ಕಾರ್ಬ್ಯುರೇಟರ್, ತಗ್ಗಿಸಿದ ಸ್ಪ್ರಿಂಗು, ದಪ್ಪ ಸೈಲೆನ್ಸರ್. ಆದರೆ ನಾಲ್ಕೂ ಚಕ್ರಕ್ಕೆ ಇರೋದು ಡ್ರಮ್ ಬ್ರೇಕು, ಬಿಸಿಯಾದರೆ ಹಿಡಿತ ಬಿಡತ್ತೆ. ಸಿರಾ ಹತ್ತಿರದ 48ನೇ ಹೆದ್ದಾರಿಯಲ್ಲಿ ಲಾರಿಗಳ ನಡುವೆ ವೇಗ ಹೆಚ್ಚಿಸೋಕೆ ಮೊದಲು ವೀಲ್ ಸಿಲಿಂಡರು, ಲೈನಿಂಗು, ಸ್ಟೀರಿಂಗ್ ಬಾಕ್ಸಿನ ಆಟ ಸರಿ ಮಾಡಿ. ಕಂಪ್ರೆಷನ್ ಏರಿಸಿದಷ್ಟೂ ಶಾಖ ಏರತ್ತೆ, ಮತ್ತೆ ಅದೇ ಹೆಡ್ಡು, ಅದೇ ಗ್ಯಾಸ್ಕೆಟ್ಟು. ಕಾಗದ ಪತ್ರದ ಲೆಕ್ಕವೂ ಇದೆ. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 50 ವರ್ಷ ದಾಟಿ, ಮೂಲ ರೂಪದಲ್ಲೇ ಇದ್ದರೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗಬಹುದು. ಆಗ ದಿನನಿತ್ಯ ಓಡಿಸುವಂತಿಲ್ಲ. 1974ರ ಮೊದಲ ಪದ್ಮಿನಿಗಳಿಗೆ ಆ ವಯಸ್ಸು ಆಗಿಹೋಗಿದೆ. ಮನೆಯ ಜಗಳದಲ್ಲಿ ಈಗ ಇದೊಂದು ಹೊಸ ಪಾಯಿಂಟು: ಓಡಿಸೋ ಕಾರೋ, ತೋರಿಸೋ ಕಾರೋ?

ಇತ್ತ ನಮ್ಮವರು ಹಳೇ 1100ಕ್ಕೆ ಕಾಯುತ್ತಿದ್ದ ಕಾಲದಲ್ಲೇ ಅತ್ತ ಜಾಕೋಸಾ ಬಹಳ ಮುಂದೆ ಹೋಗಿದ್ದರು. 1955ರಲ್ಲಿ ಫಿಯಟ್ 600, 1957ರಲ್ಲಿ ಎರಡು ಸಿಲಿಂಡರಿನ ಹೊಸ 500, ಎರಡಕ್ಕೂ ಎಂಜಿನ್ನು ಹಿಂದೆ. 500ಕ್ಕೆ 1959ರಲ್ಲಿ ಕೊಂಪಾಸೊ ದೋರೊ ವಿನ್ಯಾಸ ಪ್ರಶಸ್ತಿ ಬಂತು. ಆದರೆ ಅವರ ತಲೆಯಲ್ಲಿ ಲಾರ್ದೋನೆಯ ಸುಟ್ಟ ಕಾರು ಇನ್ನೂ ಇತ್ತು. ಅದೇ 1959ರಲ್ಲಿ ಇಂಗ್ಲೆಂಡಿನಲ್ಲಿ ಅಲೆಕ್ ಇಸಿಗೊನಿಸ್‌ನ ಮಿನಿ ಬಂತು, ಎಂಜಿನ್ನು ಅಡ್ಡಡ್ಡ, ಗೇರ್‌ಬಾಕ್ಸು ಅದರ ಹೊಟ್ಟೆಯ ಕೆಳಗೆ, ಎರಡಕ್ಕೂ ಒಂದೇ ಎಣ್ಣೆ. ಜಾಕೋಸಾಗೆ ಬೇಕಾಗಿದ್ದದ್ದು ಇದಕ್ಕಿಂತ ಸರಳ: ಎಂಜಿನ್ನು ಅಡ್ಡ, ಅದರ ಒಂದು ತುದಿಗೆ ಗೇರ್‌ಬಾಕ್ಸು, ಬೇರೆ ಬೇರೆ ಎಣ್ಣೆ. ಹಾಗೆ ಮಾಡಿದರೆ ಅಗಲ ಜಾಸ್ತಿಯಾಗತ್ತೆ, ಎರಡು ಡ್ರೈವ್ ಶಾಫ್ಟುಗಳ ಉದ್ದ ಸಮ ಬರಲ್ಲ. ಕ್ಲಚ್ ಬಿಡಿಸುವ ವ್ಯವಸ್ಥೆಯನ್ನು ಕುಗ್ಗಿಸಿ ಅಗಲವನ್ನು ಉಳಿಸಿಕೊಂಡರು, ಅಸಮ ಶಾಫ್ಟುಗಳನ್ನು ಒಪ್ಪಿಕೊಂಡೇ ಹೊಂದಿಸಿದರು.

ಆಗಲೂ ಫಿಯಟ್ ಧೈರ್ಯ ಮಾಡಲಿಲ್ಲ. 1964ರಲ್ಲಿ ಆ ಕಾರು ಬಂದದ್ದು ಆಟೋಬಿಯಾಂಕಿ ಅನ್ನೋ ಬೇರೆ ಹೆಸರಲ್ಲಿ, ಪ್ರಿಮುಲಾ ಅಂತ. ಕೆಟ್ಟರೆ ಫಿಯಟ್ಟಿನ ಹೆಸರು ಕೆಡಬಾರದು. ಕೆಡಲಿಲ್ಲ. 1969ರಲ್ಲಿ ಫಿಯಟ್ಟಿನ ಹೆಸರಲ್ಲೇ 128 ಬಂತು, 1970ರ ಯುರೋಪಿನ ವರ್ಷದ ಕಾರು ಆಯಿತು. ಜಾಕೋಸಾ ನಿವೃತ್ತರಾದದ್ದೂ ಅದೇ ವರ್ಷ. ಬೆಂಕಿಯಿಂದ ಲೆಕ್ಕ ಹಾಕಿದರೆ ಹೆಚ್ಚೂಕಡಿಮೆ ಅವರ ಇಡೀ ಉದ್ಯೋಗ ಜೀವನ ಇದಕ್ಕೆ ಹೋಯಿತು. ಇವತ್ತು ನಮ್ಮ ಕಾಲೇಜಿನ ಪಾರ್ಕಿಂಗಲ್ಲಿ ನಿಂತ ಯಾವ ಚಿಕ್ಕ ಕಾರಿನ ಬಾನೆಟ್ ಎತ್ತಿದರೂ ಬಹುಪಾಲು ಅದೇ ಜೋಡಣೆ ಕಾಣತ್ತೆ: ಎಂಜಿನ್ನು ಅಡ್ಡ, ತುದಿಗೆ ಗೇರ್‌ಬಾಕ್ಸು, ಒಂದು ಉದ್ದ ಶಾಫ್ಟು, ಒಂದು ಗಿಡ್ಡ ಶಾಫ್ಟು.

ನಿವೃತ್ತಿಯ ನಂತರ ತಮ್ಮ 40 ವರ್ಷದ ಫಿಯಟ್ ಕೆಲಸದ ಬಗ್ಗೆ ಪುಸ್ತಕ ಬರೆದರು. 1996ರ ಮಾರ್ಚ್ 31ರಂದು, 91ನೇ ವಯಸ್ಸಿನಲ್ಲಿ, ಟ್ಯೂರಿನ್ನಿನಲ್ಲಿ ತೀರಿಕೊಂಡರು. ಆ ಹೊತ್ತಿಗೆ ಇಟಲಿಯಲ್ಲಿ ಅವರ 1100 ನಿಂತು ಕಾಲು ಶತಮಾನವೇ ಕಳೆದಿತ್ತು. ಕುರ್ಲಾದಲ್ಲಿ ಮಾತ್ರ ಹೊಸ ಪದ್ಮಿನಿಗಳು ಇನ್ನೂ ಗೇಟು ದಾಟಿ ಹೊರಗೆ ಬರುತ್ತಲೇ ಇದ್ದವು, ಬೋರ್ 68, ಸ್ಟ್ರೋಕ್ 75.